ಎರಡು ಚೇರ್, ಮೂವರು ಡಾಕ್ಟರು, ಮೂರು ರೀತಿ: ದಂತ ಕ್ಲಿನಿಕ್‌ನ ದಿನನಿತ್ಯದ ಕೆಲಸಕ್ಕೆ ಒಂದೇ ಕ್ರಮ ತರೋದು ಹೇಗೆ?

ಎರಡುಚೇರ್ (ಪ್ರಶ್ನೆ)

ಹಾಸನದಲ್ಲಿ ಎರಡು ಚೇರ್‌ನ ದಂತ ಚಿಕಿತ್ಸಾಲಯ. ಖಾಯಂ ಡಾಕ್ಟರು ಇಬ್ಬರು, ವಾರಕ್ಕೆ ಎರಡು ದಿನ ಬಂದುಹೋಗುವ ಸರ್ಜನ್ ಒಬ್ಬರು, ಅಸಿಸ್ಟೆಂಟ್‌ಗಳು ಇಬ್ಬರು. ಕೆಲಸ ನಡೀತಿದೆ, ಆದರೆ ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬರು ಪ್ರತಿ ಪೇಷೆಂಟ್ ಆದಮೇಲೂ ಏರೋಟರನ್ನು (ಹಲ್ಲು ಕೊರೆಯುವ ಯಂತ್ರ) ಆಟೋಕ್ಲೇವ್‌ಗೆ (ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಹಾಕಿಸುತ್ತಾರೆ, ಇನ್ನೊಬ್ಬರಿಗೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಕು. ಒಂದೇ ಹಲ್ಲನ್ನು ಒಬ್ಬರು ಕೇಸ್ ಶೀಟ್‌ನಲ್ಲಿ 46 ಅಂತ ಬರೆದರೆ ಇನ್ನೊಬ್ಬರು ಗೆರೆ ಎಳೆದು ಮೂಲೆಯಲ್ಲಿ 6 ಅಂತ ಬರೀತಾರೆ. ಯಾವ ಡಾಕ್ಟರು ಕೂತಿದ್ದಾರೆ ಅನ್ನೋದನ್ನು ನೋಡಿಕೊಂಡು ಅಸಿಸ್ಟೆಂಟ್‌ಗಳು ಕ್ರಮ ಬದಲಾಯಿಸಬೇಕು.

ಆಟೋಕ್ಲೇವ್ ಎರಡಿವೆ. ಒಂದು ಕುಕ್ಕರ್ ಥರದ್ದು, ಮೇಲೆ ಮುಚ್ಚಳ, ಒತ್ತಡದ ಮುಳ್ಳು ಮಾತ್ರ. ಇನ್ನೊಂದು ಮುಂದೆ ಬಾಗಿಲಿರುವ, ಒಳಗಿನ ಗಾಳಿ ಹೀರಿ ತೆಗೆಯುವ ಬಿ ಕ್ಲಾಸ್ ಯಂತ್ರ.

ನೆಟ್‌ನಲ್ಲಿ ಸಿಗುವ ಎಸ್‌ಒಪಿ (ಕೆಲಸದ ಕ್ರಮ) ಕಡತಗಳು ನೂರಾರು ಪುಟ, ಎಲ್ಲ ಇಂಗ್ಲಿಷ್‌ನಲ್ಲಿ. ಕಪಾಟಿನಲ್ಲಿಡೋಕೆ ಚೆನ್ನ. ನನಗೆ ಬೇಕಿರೋದು ಇಷ್ಟು: ಮೊದಲು ಯಾವುದಕ್ಕೆ ಕ್ರಮ ಬರೆಯಬೇಕು? ಉಪಕರಣ ಹಾಕಿ ಆಟೋಕ್ಲೇವ್‌ಗೆ ಇಡುವ ಪೌಚ್ ಮೇಲಿನ ಬಣ್ಣ ಬದಲಾದರೆ ಸ್ಟೆರೈಲ್ (ಸೂಕ್ಷ್ಮಾಣು ಇಲ್ಲದ್ದು) ಆಯ್ತು ಅಂತ ನಂಬಬಹುದಾ? ಹೊರಗಿಂದ ಬರುವ ಸರ್ಜನ್ ಕೈಲಿ ಇದನ್ನು ಪಾಲಿಸಿಸೋದು ಹೇಗೆ?

ಹಬೆಯಂತ್ರ

ಶುರು ಮಾಡಬೇಕಾದ್ದು ಉಪಕರಣ ತೊಳೆಯುವ ಸಿಂಕ್‌ನಿಂದ. ಆಟೋಕ್ಲೇವ್ ಆಮೇಲೆ. ರಕ್ತ ಒಣಗಿ ಅಂಟಿಕೊಂಡ ಫೋರ್ಸೆಪ್ಸನ್ನು (ಹಲ್ಲು ಕೀಳುವ ಇಕ್ಕಳ) ಎಷ್ಟು ಹೊತ್ತು ಹಬೆಯಲ್ಲಿಟ್ಟರೂ ಆ ಕಲೆಯ ಅಡಿಗೆ ಹಬೆ ಮುಟ್ಟೋಲ್ಲ.

ಮೊದಲು ಜಾಗ ಭಾಗ ಮಾಡಿ. ಸಿಂಕ್ ಕಡೆಯಿಂದ ಒಂದೇ ದಿಕ್ಕು: ಕೊಳೆ ಟ್ರೇ, ನೆನೆಹಾಕುವ ಡಬ್ಬಿ, ಅಲ್ಟ್ರಾಸಾನಿಕ್ (ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಯಂತ್ರ), ತೊಳೆ, ಒಣಗಿಸು, ಪೌಚ್, ಆಟೋಕ್ಲೇವ್, ಕಪಾಟು. ತೊಳೆದದ್ದು ವಾಪಸ್ ಕೊಳೆ ಕಡೆ ಬರಬಾರದು. ಕೌಂಟರ್ ಆರಡಿ ಇದ್ದರೂ ಸಾಕು, ನಡುವೆ ಕೆಂಪು ಟೇಪ್ ಅಂಟಿಸಿ.

ಚೇರ್‌ನಿಂದ ಬಂದ ಉಪಕರಣ ತಕ್ಷಣ ಎಂಜೈಮ್ ದ್ರಾವಣಕ್ಕೆ ಬೀಳಬೇಕು. ಹೈಪೋಕ್ಲೋರೈಟ್‌ನಲ್ಲಿ (ಬ್ಲೀಚ್ ದ್ರಾವಣ) ನೆನೆಹಾಕುವ ರೂಢಿ ಬಿಡಿಸಿ, ಅದು ಸ್ಟೀಲ್ ತಿನ್ನುತ್ತದೆ. ಮೊದಲು ತುಕ್ಕು ಹಿಡಿಯೋದು ಫೋರ್ಸೆಪ್ಸ್‌ನ ಕೀಲಿಗೆ. ಅಲ್ಟ್ರಾಸಾನಿಕ್‌ನಲ್ಲಿ 5ರಿಂದ 10 ನಿಮಿಷ, ಬುಟ್ಟಿ ಸಮೇತ, ಮುಚ್ಚಳ ಹಾಕಿ. ದ್ರಾವಣ ದಿನಾ ಬದಲಾಗಬೇಕು, ಕದಡಿದರೆ ಅದಕ್ಕೂ ಮೊದಲೇ. ಯಂತ್ರ ನಿಜಕ್ಕೂ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ತುಂಡನ್ನು ನೀರಲ್ಲಿ ನೆಟ್ಟಗೆ ಹಿಡಿದು 20 ಸೆಕೆಂಡ್ ಓಡಿಸಿ. ಉದ್ದಕ್ಕೂ ಸಮವಾಗಿ ಸಣ್ಣ ಗುಳಿ ಬಿದ್ದಿರಬೇಕು. ಒಂದು ಕಡೆ ಮಾತ್ರ ಬಿದ್ದಿದ್ದರೆ ಅಲೆ ಹುಟ್ಟಿಸುವ ಟ್ರಾನ್ಸ್‌ಡ್ಯೂಸರ್ ಸೋತಿದೆ.

ತೊಳೆದಾದ ಮೇಲೆ ಪೂರ್ತಿ ಒಣಗಬೇಕು. ಫೋರ್ಸೆಪ್ಸ್, ಕತ್ತರಿ ಬಾಯಿ ತೆರೆದೇ ಪೌಚ್‌ಗೆ ಹೋಗಬೇಕು. ಏರೋಟರ್‌ಗೆ ಎಣ್ಣೆ ಬಿಟ್ಟಮೇಲೆ ಹೆಚ್ಚಿನ ಎಣ್ಣೆ ಹೊರಬರುವಷ್ಟು ಓಡಿಸಿ, ಆಮೇಲೆ ಪೌಚ್. ಸ್ಪಿರಿಟ್ ಒರೆಸುವ ಡಾಕ್ಟರಿಗೆ ಇಷ್ಟು ಹೇಳಿ: ಏರೋಟರ್ ನಿಂತ ಕ್ಷಣ ತಲೆಯ ಕಡೆಯಿಂದ ಬಾಯಿಯ ದ್ರವವನ್ನು ಒಳಗೆ ಎಳೆದುಕೊಳ್ಳಬಹುದು. ಹೊರಗೆ ಒರೆಸಿದರೆ ಒಳಗಿನದ್ದು ಮುಂದಿನ ಬಾಯಿಗೆ. ಚೇರ್ ಒಂದಕ್ಕೆ ಕನಿಷ್ಠ 3-4 ಏರೋಟರ್ ಇಲ್ಲದೆ ಈ ನಿಯಮ ಬರೆದೂ ಪ್ರಯೋಜನವಿಲ್ಲ, ಮಧ್ಯಾಹ್ನದ ಹೊತ್ತಿಗೆ ಸ್ಪಿರಿಟ್ ಬಾಟಲಿ ವಾಪಸ್ ಬಂದಿರುತ್ತೆ. ಕನ್ನಡಿ-ಪ್ರೋಬ್-ಚಿಮಟದ ಸೆಟ್‌ಗೂ ಇದೇ ಲೆಕ್ಕ. ತೊಳೆಯೋದರಿಂದ ಒಣಗೋವರೆಗೆ ಎರಡು ಗಂಟೆ ಹಿಡಿಯಿರಿ. ಎರಡು ಚೇರ್‌ನಲ್ಲಿ ಗಂಟೆಗೆ ನಾಲ್ವರು ಅಂದರೆ 8 ಸೆಟ್ ಸದಾ ಓಡಾಟದಲ್ಲಿ, ಮೇಲೆ 4 ಕೈಯಲ್ಲಿ, ಒಟ್ಟು 12.

ಈಗ ಬಣ್ಣದ ಪ್ರಶ್ನೆ. ಪೌಚ್ ಹೊರಗಿನ ಗುರುತು, ಟೇಪಿನ ಗೆರೆ ಹೇಳೋದು 'ಇದು ಆಟೋಕ್ಲೇವ್‌ಗೆ ಹೋಗಿ ಬಂದಿದೆ' ಅಂತಷ್ಟೇ. ಕೊಳೆ ಪೌಚ್, ಆದ ಪೌಚ್ ಅದಲುಬದಲಾಗದಿರೋಕೆ ಅದು. ಉಷ್ಣತೆ, ಸಮಯ, ಹಬೆ ಮೂರೂ ಕೂಡಿ ಬಂದವಾ ಅಂತ ತಿಳಿಯೋಕೆ ಟೈಪ್ 5 ಇಂಡಿಕೇಟರ್ ಪಟ್ಟಿಯನ್ನು ಪ್ರತಿ ಲೋಡ್‌ನ ಮಧ್ಯದ ಪೌಚ್ ಒಳಗಿಡಿ. ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ: ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ (ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ) ಸ್ಪೋರ್ ಇರುವ ಸಣ್ಣ ಸೀಸೆ ಲೋಡ್ ಜೊತೆ ಹೋಗುತ್ತೆ, ಅದೇ ಬ್ಯಾಚ್‌ನ ಇನ್ನೊಂದು ಸೀಸೆ ಆಟೋಕ್ಲೇವ್‌ಗೆ ಹೋಗದೆ ಹೊರಗೆ. ಎರಡನ್ನೂ ಇನ್‌ಕ್ಯುಬೇಟರ್‌ಗೆ ಹಾಕಿ, ತಯಾರಕರು ಹೇಳಿದಷ್ಟು ಹೊತ್ತು ಇಡಿ. ಹೊರಗಿದ್ದದ್ದು ಬೆಳೆಯಬೇಕು, ಒಳಗೆ ಹೋದದ್ದು ಬೆಳೆಯಬಾರದು. ಎರಡೂ ಬೆಳೆಯದಿದ್ದರೆ 'ಪಾಸ್' ಅಂತ ಬರೆಯಬೇಡಿ, ಆ ಪರೀಕ್ಷೆಗೆ ಲೆಕ್ಕವೇ ಇಲ್ಲ. ಒಳಗಿನದ್ದು ಬೆಳೆದರೆ ಯಂತ್ರ ನಿಲ್ಲಿಸಿ, ಹಿಂದಿನ ಒಳ್ಳೆಯ ಪರೀಕ್ಷೆಯಿಂದ ಈಚೆಗೆ ಬಳಸದೆ ಉಳಿದ ಪೌಚ್ ಎಲ್ಲ ವಾಪಸ್ ತೆಗೆದು ಮತ್ತೆ ತೊಳೆಯೋದರಿಂದ ಶುರು. ಪೌಚ್ ಮೇಲೆ ದಿನಾಂಕ, ಲೋಡ್ ನಂಬರ್ ಬರೆಯೋದು ಇದಕ್ಕೇ. ಪ್ಲಾಸ್ಟಿಕ್ ಬದಿಯಲ್ಲಿ ಬರೆಯಿರಿ, ಕಾಗದದ ಮೇಲೆ ಬರೆದರೆ ಇಂಕು ಒಳಗೆ ಇಳಿಯುತ್ತೆ.

ನಿಮ್ಮ ಕುಕ್ಕರ್ ಮಾದರಿಯ ಬಗ್ಗೆ ಒಂದು ಮಾತು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮುಳ್ಳು 15 ಪಿಎಸ್‌ಐ ತೋರಿಸಿದರೂ ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಒಳಗೆ 121 ಡಿಗ್ರಿ ಬರೋಲ್ಲ, 119ರ ಆಸುಪಾಸಿನಲ್ಲಿ ನಿಲ್ಲುತ್ತೆ. ಪ್ರತಿ 1000 ಅಡಿಗೆ ಅರ್ಧ ಪಿಎಸ್‌ಐ ಹೆಚ್ಚಿಸಬೇಕು, ಅಂದರೆ ನಿಮಗೆ ಹದಿನಾರೂವರೆ. ವಾಲ್ವ್ ಅಷ್ಟಕ್ಕೆ ಹೊಂದುವುದಾ ಅಂತ ತಯಾರಕರನ್ನು ಕೇಳಿ. ಒಳಗಿನ ಗಾಳಿ ಪೂರ್ತಿ ಹೋಗುವ ಮೊದಲೇ ವಾಲ್ವ್ ಮುಚ್ಚಿದರೆ ಮುಳ್ಳು ಸರಿ ತೋರಿಸುತ್ತೆ, ಉಷ್ಣತೆ ಇರೋಲ್ಲ. ಈ ಬಗೆಯ ಯಂತ್ರದಲ್ಲಿ ಏರೋಟರ್‌ನಂಥ ಟೊಳ್ಳು ಉಪಕರಣದ ಒಳಗಿನ ಗಾಳಿ ಹೋಗುತ್ತೆ ಅನ್ನೋ ಭರವಸೆಯೂ ಇಲ್ಲ, ಒಣಗಿಸುವ ಸೌಕರ್ಯವೂ ಇಲ್ಲ. ಅದನ್ನು ಬಿಡಿ ಟ್ರೇಗಳಿಗೆ ಇಟ್ಟುಕೊಳ್ಳಿ. ಬಿ ಕ್ಲಾಸ್ ಯಂತ್ರ 134 ಡಿಗ್ರಿ ಸೈಕಲ್, ದಿನಾ ಬೆಳಿಗ್ಗೆ ಖಾಲಿ ಚೇಂಬರ್‌ನಲ್ಲಿ ಬೋವಿ-ಡಿಕ್ ಪರೀಕ್ಷೆ (ಗಾಳಿ ಹೋಗಿ ಹಬೆ ಒಳಹೊಕ್ಕಿತಾ ಅಂತ ನೋಡೋದು). ನೀರು ಡಿಸ್ಟಿಲ್ಡ್ ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ಹೀಟರ್ ಮೇಲೆ ಸುಣ್ಣ ಕಟ್ಟಿ ಸೈಕಲ್ ಅರ್ಧಕ್ಕೇ ನಿಲ್ಲೋಕೆ ಶುರುವಾಗುತ್ತೆ.

ಪೌಚ್‌ಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿ, ನಡುವೆ ಹಬೆ ಓಡಾಡಲಿ. ಒದ್ದೆ ಹೊರಬಂದ ಪೌಚ್ ಸ್ಟೆರೈಲ್ ಅಲ್ಲ, ಒದ್ದೆ ಕಾಗದ ಬೆರಳಿನ ಕೊಳೆಯನ್ನು ಒಳಗೆ ಬಿಡುತ್ತೆ. ಅವಸರಕ್ಕೆ ಒಣಗುವ ಹಂತ ಕತ್ತರಿಸುವುದು ಎಲ್ಲ ಕ್ಲಿನಿಕ್‌ನಲ್ಲೂ ಕಾಣುವ ಚಾಳಿ.

ಇನ್ನು ಯುವಿ ಕಪಾಟು ಉಪಕರಣ ಇಡುವ ಜಾಗ ಮಾತ್ರ, ಸ್ಟೆರಿಲೈಸರ್ ಅಲ್ಲ. 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಿದರೆ ಸ್ಪೋರ್ ಸಾಯೋಲ್ಲ, ಅದಕ್ಕೆ 10 ಗಂಟೆ ಬೇಕು. ಹಬೆಯ ಬಿಸಿ ತಾಳುವ ಯಾವುದನ್ನೂ ಆ ಟ್ರೇಗೆ ಹಾಕುವ ಕಾರಣವಿಲ್ಲ.

ದವಡೆಹಲ್ಲು

ಹಬೆಯಂತ್ರ ಹೇಳಿದ್ದೆಲ್ಲ ಸರಿ. ಆದರೆ ಮೊದಲ ಪುಟ ಅದಾಗಬೇಕು ಅಂತ ನಾನು ಒಪ್ಪೋಲ್ಲ. ಮೊದಲು ಬರೆಯಬೇಕಾದ್ದು ಹಲ್ಲು ಕೀಳುವ ಮುನ್ನದ ಒಂದು ನಿಮಿಷ. ಆಟೋಕ್ಲೇವ್ ಸರಿಮಾಡೋಕೆ ದುಡ್ಡು ಬೇಕು, ಇದಕ್ಕೆ ಒಂದು ಕಾಗದ ಸಾಕು. ತಪ್ಪಾಗಿ ಕಿತ್ತ ಹಲ್ಲನ್ನು ಆಟೋಕ್ಲೇವ್ ವಾಪಸ್ ಕೂರಿಸೋಲ್ಲ.

ಮೊದಲು ಎಲ್ಲರೂ ಎಫ್‌ಡಿಐ ಎರಡಂಕಿಗೆ (ಮೊದಲ ಅಂಕಿ ಬಾಯಿಯ ಭಾಗ, ಎರಡನೆಯದು ಹಲ್ಲು) ಬನ್ನಿ. ಗೆರೆ-ಮೂಲೆ ಬರಹ ಫೋನ್‌ನಲ್ಲಿ, ವಾಟ್ಸಾಪ್‌ನಲ್ಲಿ ಹೇಳೋಕೆ ಆಗೋಲ್ಲ. ಬಾಯಲ್ಲಿ ಹೇಳುವಾಗ 'ನಲವತ್ತಾರು' ಬೇಡ, 'ನಾಲ್ಕು-ಆರು, ಕೆಳಗೆ ಬಲಗಡೆ ಮೊದಲ ದವಡೆಹಲ್ಲು' ಅಂತ ಪೂರ್ತಿ. ಅಂಕಿ ತಪ್ಪಿದರೆ ಮಾತು ಹಿಡಿಯುತ್ತೆ, ಮಾತು ತಪ್ಪಿದರೆ ಅಂಕಿ ಹಿಡಿಯುತ್ತೆ.

ಪರಿಶೀಲನೆ ಎರಡು ಸಲ: ಇಂಜೆಕ್ಷನ್ ಕೊಡುವ ಮೊದಲು, ಫೋರ್ಸೆಪ್ಸ್ ಹಿಡಿಯುವ ಮೊದಲು. ಅಸಿಸ್ಟೆಂಟ್ ಕೇಸ್ ಶೀಟ್ ನೋಡಿ ಓದಬೇಕು, ಡಾಕ್ಟರು ಕನ್ನಡಿ ತುದಿಯಿಂದ ಹಲ್ಲು ಮುಟ್ಟಿ ತೋರಿಸಬೇಕು, ಎಕ್ಸ್‌ರೇ ಎದುರಿಗಿರಬೇಕು. ಪೇಷೆಂಟ್ ಕೂಡ ಬೆರಳಿಟ್ಟು ತೋರಿಸಲಿ, ಆದರೆ ಅದೊಂದನ್ನೇ ನಂಬಬೇಡಿ, ನೋವು ಪಕ್ಕದ ಹಲ್ಲಲ್ಲೋ ಎದುರು ದವಡೆಯಲ್ಲೋ ಇದೆ ಅನ್ನಿಸೋದು ಸಾಮಾನ್ಯ.

ಎಡವುವ ಜಾಗಗಳು ಇವು. ಒಂದು, 46 ಮೊದಲೇ ಹೋಗಿ 47 ಮುಂದಕ್ಕೆ ವಾಲಿದ ಬಾಯಿ. ಎಣಿಸಿದರೆ ತಪ್ಪು ಬರುತ್ತೆ. ಎರಡು, ಏಳೆಂಟು ವರ್ಷದ ಮಗುವಿನಲ್ಲಿ 75 ಮತ್ತು 36; ಹಾಲುಹಲ್ಲಿನ ಹಿಂದೆಯೇ ಬಂದ ಆ ದವಡೆಹಲ್ಲು ಶಾಶ್ವತದ್ದು ಅಂತ ಅಪ್ಪ-ಅಮ್ಮಂದಿರಿಗೆ ಗೊತ್ತಿರೋಲ್ಲ. ಮೂರು, ಕ್ಲಿಪ್ ಹಾಕುವ ಮೊದಲು ಕೀಳಿಸೋ ಪ್ರೀಮೋಲಾರ್‌ಗಳು (ಚಿಕ್ಕ ದವಡೆಹಲ್ಲು). 14 ಬದಲು 15 ಕಿತ್ತರೆ ಎಕ್ಸ್‌ರೇನಲ್ಲೂ ಕೊಳೆತದ್ದು ಯಾವುದು ಅಂತ ಸುಳಿವಿರೋಲ್ಲ, ಎರಡೂ ಚೆನ್ನಾಗಿರೋ ಹಲ್ಲೇ. ಇಲ್ಲಿ ಆರ್ಥೊಡಾಂಟಿಸ್ಟ್ ಬರೆದ ಚೀಟಿ ಇಲ್ಲದೆ ಕೀಳಬಾರದು, ಫೋನ್ ಮಾತಿಗೆ ಬೆಲೆ ಇಲ್ಲ. ನಾಲ್ಕು, ತಿರುಗಿಬಿದ್ದ ಡಿಜಿಟಲ್ ಎಕ್ಸ್‌ರೇ. ಸೆನ್ಸರ್ ಇಟ್ಟ ತಕ್ಷಣ ಹಲ್ಲಿನ ನಂಬರ್ ಹಾಕಿ ಉಳಿಸಿ, ಆಮೇಲೆ ಹಾಕೋಣ ಅಂದರೆ ಎಡ-ಬಲ ಹೋಯ್ತು.

ಆರೋಗ್ಯದ ಪ್ರಶ್ನೆಗಳನ್ನೂ ಒಂದೇ ಮಾತಿನಲ್ಲಿ ಕೇಳೋ ಹಾಗೆ ಮಾಡಿ. 'ಬಿಪಿ-ಶುಗರ್ ಏನೂ ಇಲ್ಲ ತಾನೇ?' ಅಂತ ಕೇಳಿದರೆ 'ಏನಿಲ್ಲ' ಅನ್ನೋದೇ ಉತ್ತರ. 'ದಿನಾ ಯಾವ ಮಾತ್ರೆ ತಗೋತೀರಾ, ಸ್ಟ್ರಿಪ್ ತಂದಿದೀರಾ?' ಅಂತ ಕೇಳಿ. ರಕ್ತ ತೆಳು ಮಾಡುವ ಮಾತ್ರೆ ಸಿಕ್ಕರೆ ನೀವಾಗಿ ನಿಲ್ಲಿಸಬೇಡಿ. ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಹಿಡಿಯುವ ಹೊತ್ತಿನ ಅಳತೆ) ವರದಿ ನೋಡಿ, 4ಕ್ಕಿಂತ ಕೆಳಗಿರಬೇಕು. ಮೂಳೆ ಗಟ್ಟಿಯಾಗಲು ಇಂಜೆಕ್ಷನ್ ತಗೊಂಡಿದೀರಾ ಅಂತ ಬೇರೆಯಾಗಿಯೇ ಕೇಳಿ. ಜೊಲೆಡ್ರೊನಿಕ್ ಆಸಿಡ್ ವರ್ಷಕ್ಕೊಮ್ಮೆ, ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ. ಅದು ಮಾತ್ರೆ ಅಲ್ಲವಲ್ಲ, ಹಾಗಾಗಿ ಯಾರೂ ಅದನ್ನು ತಾವಾಗಿ ಹೇಳೋಲ್ಲ. ಹಲ್ಲು ಕಿತ್ತ ಜಾಗದ ಮೂಳೆ ವಾಸಿಯಾಗದೆ ಕೊಳೆಯೋ ಅಪಾಯ ಇರೋದು ಇವರಿಗೆ. ಬಿಪಿ 180/110 ದಾಟಿದ್ದರೆ ತುರ್ತಲ್ಲದ ಕೆಲಸ ಮುಂದಕ್ಕೆ.

ಮರಗಟ್ಟಿಸುವ ಇಂಜೆಕ್ಷನ್‌ಗೂ ಕೋಷ್ಟಕ ಗೋಡೆ ಮೇಲಿರಲಿ. 2% ಲಿಗ್ನೊಕೇನ್ ಅಂದರೆ ಎಂಎಲ್‌ಗೆ 20 ಮಿಗ್ರಾಂ. ಅಡ್ರಿನಲಿನ್ ಸಹಿತ ದೊಡ್ಡವರಿಗೆ ಕೆಜಿಗೆ 7 ಮಿಗ್ರಾಂ, ಒಟ್ಟು 500 ದಾಟಬಾರದು. ಮಕ್ಕಳಿಗೆ ಕೆಜಿಗೆ 4.4 ಅಂತ ಹಿಡಿದರೆ 15 ಕೆಜಿ ಮಗುವಿಗೆ ಸುಮಾರು 3 ಎಂಎಲ್, ಅದೇ ಗಡಿ. ಎರಡೂ ಕಡೆ ಕೀಳೋಣ ಅಂತ ಹೋದರೆ ಅದು ಬೇಗ ಮುಟ್ಟುತ್ತೆ, ಹಾಗಾಗಿ ಮಗುವಿನ ತೂಕ ಕೇಸ್ ಶೀಟ್‌ನಲ್ಲಿ ಇಲ್ಲದೆ ಸಿರಿಂಜ್ ತುಂಬಬಾರದು. ಹೃದಯದ ತೊಂದರೆ ಇದ್ದವರಿಗೆ ಅಡ್ರಿನಲಿನ್ 40 ಮೈಕ್ರೋಗ್ರಾಂ ಮಿತಿ: 1:80,000 ಆದರೆ 3.2 ಎಂಎಲ್, 1:2,00,000 ಆದರೆ 8 ಎಂಎಲ್.

ಲಿಗ್ನೊಕೇನ್‌ನ 30 ಎಂಎಲ್ ಸೀಸೆಯ ವಿಷಯ: ತೆರೆದ ದಿನಾಂಕ ಬರೆಯಿರಿ, 28 ದಿನಕ್ಕೆ ಬಿಸಾಡಿ. ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿಟ್ಟು ಬಿಡುವ ಅಭ್ಯಾಸ ಇವತ್ತೇ ನಿಲ್ಲಬೇಕು. ಅದೇ ಪೇಷೆಂಟ್‌ಗೆ ಎರಡನೇ ಸಲ ಬೇಕಾದರೂ ಹೊಸ ಸಿರಿಂಜ್, ಹೊಸ ಸೂಜಿ. ಬಾಯಿಗೆ ಹೋದ ಸೂಜಿ ಸೀಸೆಗೆ ವಾಪಸ್ ಹೋದರೆ ಆ ಸೀಸೆಯಿಂದ ಮುಂದೆ ಮದ್ದು ತಗೊಳ್ಳುವವರೆಲ್ಲರಿಗೂ ಅಪಾಯ.

ನೀರಿನಕೊಳವೆ

ಇಬ್ಬರೂ ಚೇರ್‌ನ ನೀರಿನ ಬಗ್ಗೆ ಹೇಳಲಿಲ್ಲ. ಬೆಳಿಗ್ಗೆ ಎರಡು ನಿಮಿಷ, ಪೇಷೆಂಟ್ ಪೇಷೆಂಟ್ ನಡುವೆ 20-30 ಸೆಕೆಂಡ್ ನೀರು ಬಿಟ್ಟರೆ ಸಾಕಾಗುತ್ತೆ, ಅದನ್ನೂ ಪಟ್ಟಿಗೆ ಸೇರಿಸಿ.

ಹಬೆಯಂತ್ರ

ಬಿಡಬೇಕು, ಆದರೆ ಅಷ್ಟಕ್ಕೇ ಸಾಕಾಗೋಲ್ಲ. ಬಾಯಿಂದ ಹಿಂದಕ್ಕೆ ಬಂದ ದ್ರವ ಹೋಗುತ್ತೆ, ರಾತ್ರಿ ನಿಂತ ನೀರು ಹೋಗುತ್ತೆ. ಕೊಳವೆ ಗೋಡೆಗೆ ಅಂಟಿದ ಲೋಳೆಪದರ ಹೋಗೋಲ್ಲ, ಅರ್ಧ ಗಂಟೆಯಲ್ಲೇ ನೀರಿನಲ್ಲಿ ಮತ್ತೆ ಅದೇ ಸೂಕ್ಷ್ಮಾಣು. ಗುರಿ ಎಂಎಲ್‌ಗೆ 500 ಸಿಎಫ್‌ಯುಗಿಂತ (ಬೆಳೆಯಬಲ್ಲ ಸೂಕ್ಷ್ಮಾಣುಗಳ ಎಣಿಕೆ) ಕಡಿಮೆ, ಅದನ್ನು ಲ್ಯಾಬಿಗೆ ಕಳಿಸಿಯೇ ನೋಡಬೇಕು. ಮುನಿಸಿಪಲ್ ನಲ್ಲಿಗೆ ನೇರ ಜೋಡಿಸಿದ್ದರೆ ಬಿಚ್ಚಿ ಬಾಟಲಿಗೆ ಬನ್ನಿ, ತಯಾರಕರು ಹೇಳಿದ ಔಷಧಿ ಹಾಕಿ, ಸಂಜೆ ಬಾಟಲಿ ಖಾಲಿ ಮಾಡಿ ಕೊಳವೆಗೆ ಗಾಳಿ ಬಿಟ್ಟು ಕವುಚಿ ಒಣಗಿಸಿ. ಮೂಳೆ ಕೊರೆಯುವ ಸರ್ಜರಿಗೆ ಚೇರ್‌ನ ನೀರೇ ಬೇಡ, ಸ್ಟೆರೈಲ್ ಸಲೈನ್.

ಎರಡುಚೇರ್

ಧನ್ಯವಾದ. ಇನ್ನೆರಡು ಕೇಳ್ತೀನಿ. ಸಿಮೆಂಟ್ ಫಿಲ್ಲಿಂಗ್ ಸರಿ, ಆದರೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಒಬ್ಬರದು ನಿಲ್ಲುತ್ತೆ, ಇನ್ನೊಬ್ಬರದು ಆರು ತಿಂಗಳಿಗೆ ಅಂಚು ಕಪ್ಪಾಗಿ ವಾಪಸ್ ಬರುತ್ತೆ. ಸಾಮಾನು ಒಂದೇ, ಬಾಟಲಿ ಒಂದೇ. ಇದಕ್ಕೂ ಕ್ರಮ ಬರೆಯಬಹುದಾ? ಮತ್ತೆ ಆ ಸರ್ಜನ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಬೇರುನಾಳ

ಬರೆಯಲೇಬೇಕು. ಸಾಮಾನು ಒಂದೇ ಆದಾಗ ಮೊದಲು ಅನುಮಾನ ಪಡಬೇಕಾದ್ದು ಲೈಟ್ ಮತ್ತು ಗಾಳಿ.

ಕಾಂಪೋಸಿಟ್ ಗಟ್ಟಿಮಾಡುವ ಕ್ಯೂರಿಂಗ್ ಲೈಟ್‌ಗೆ ರೇಡಿಯೋಮೀಟರ್ (ಬೆಳಕು ಅಳೆಯುವ ಸಾಧನ) ಇಟ್ಟು ವಾರಕ್ಕೊಮ್ಮೆ ಅಳೆದು ಬರೆದಿಡಿ. ತುದಿಗೆ ಗಟ್ಟಿಯಾದ ಕಾಂಪೋಸಿಟ್ ಚೂರು ಅಂಟಿದ್ದರೆ ನೀಲಿ ಬೆಳಕು ಕಣ್ಣಿಗೆ ಚೆನ್ನಾಗೇ ಕಾಣುತ್ತೆ, ಅಳತೆಯಲ್ಲಿ ಕುಸಿದಿರುತ್ತೆ. ಚದರ ಸೆಂ.ಮೀಗೆ 1000 ಮಿಲಿವ್ಯಾಟ್ ಇದ್ದರೆ 2 ಮಿಮೀ ಪದರಕ್ಕೆ 20 ಸೆಕೆಂಡ್; 400ಕ್ಕೆ ಇಳಿದಿದ್ದರೆ 40 ಸೆಕೆಂಡ್, ಅದಕ್ಕೂ ಕೆಳಗೆ ಇಳಿದರೆ ದುರಸ್ತಿ. ಅಸಿಸ್ಟೆಂಟ್ ಲೈಟ್ ಹಿಡಿಯುವಾಗ ಕಣ್ಣು ತಿರುಗಿಸಿದರೆ ತುದಿಯೂ ತಿರುಗುತ್ತೆ. ಕಿತ್ತಳೆ ಕನ್ನಡಕ ಹಾಕಿಕೊಂಡು ನೋಡುತ್ತಲೇ ಹಿಡಿಯಬೇಕು.

ಗಾಳಿಗೆ ಪರೀಕ್ಷೆ: ತ್ರೀ-ವೇ ಸಿರಿಂಜ್‌ನ (ಚೇರ್‌ನಲ್ಲಿ ಗಾಳಿ-ನೀರು ಬಿಡುವ ಕೊಳವೆ) ಗಾಳಿಯನ್ನು ಒಣ ಬಾಯಿಕನ್ನಡಿಯ ಮೇಲೆ ಕೆಲವು ಸೆಕೆಂಡ್ ಬಿಡಿ. ತೇವ, ಎಣ್ಣೆ ಚುಕ್ಕೆ ಕಂಡರೆ ಅದೇ ಗಾಳಿ ಬಾಂಡ್ (ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ದ್ರವ) ಮೇಲೂ ಹೋಗ್ತಿದೆ. ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಸಂಜೆ ಬಿಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಟ್ಯಾಂಕ್ ತುಂಬೋದು ನೋಡಿದರೆ ನಂಬಲಾರಿರಿ. ಎಣ್ಣೆ ಬಿಟ್ಟ ಏರೋಟರ್ ಪೂರ್ತಿ ಓಡಿಸದೆ ತಂದರೂ ಇದೇ ಗತಿ.

ಕೆಲಸದ ಪುಟದಲ್ಲಿ ಸಮಯ ಬರೆಯಿರಿ. ಆಸಿಡ್ ಎನಾಮಲ್‌ಗೆ (ಹಲ್ಲಿನ ಹೊರಪದರ) 15ರಿಂದ 30 ಸೆಕೆಂಡ್, ಡೆಂಟಿನ್‌ಗೆ (ಅದರ ಒಳಗಿನ ಪದರ) 15 ದಾಟಬಾರದು. ಹಾಗಾಗಿ ಅಂಚಿನಿಂದ ಶುರು ಮಾಡಿ ಒಳಗೆ ಕೊನೆಗೆ. ತೊಳೆದ ಮೇಲೆ ಡೆಂಟಿನನ್ನು ಬಡಿಬಡಿ ಒಣಗಿಸಬೇಡಿ, ಹತ್ತಿಯಲ್ಲಿ ಹೀರಿಸಿ. ಬಾಂಡ್ 20 ಸೆಕೆಂಡ್ ಉಜ್ಜಬೇಕು, ಬಳಿದು ಬಿಡೋದಲ್ಲ. ಅಲುಗದಷ್ಟು ತೆಳುವಾಗೋವರೆಗೆ ಮೆಲ್ಲಗೆ ಗಾಳಿ, ಆಮೇಲೆ ಲೈಟ್. ಬಾಂಡ್ ಬಾಟಲಿ ಹನಿ ಹಾಕಿದ ತಕ್ಷಣ ಮುಚ್ಚಬೇಕು, ಹನಿಯನ್ನು ಬಳಸುವ ಹೊತ್ತಿಗೇ ಹಾಕಬೇಕು. ಊಟಕ್ಕೆ ಮುಂಚೆ ಹಾಕಿಟ್ಟ ಹನಿಯಲ್ಲಿ ದ್ರಾವಕ ಹಾರಿಹೋಗಿ ಉಳಿದದ್ದು ಗೋಂದು. ಇಷ್ಟೂ ಉಗುಳು ಮುಟ್ಟದ ಹಲ್ಲಿನ ಮೇಲೆ. ಉಗುಳು ಹನಿದರೆ ಮತ್ತೆ ಆಸಿಡ್‌ನಿಂದ. ಸಾಧ್ಯವಾದಲ್ಲೆಲ್ಲ ರಬ್ಬರ್ ಡ್ಯಾಮ್ (ಹಲ್ಲಿಗೆ ಉಗುಳು ತಾಗದಂತೆ ಹಾಕುವ ರಬ್ಬರ್ ಹಾಳೆ).

ಕೇಳದಿದ್ದರೂ ಒಂದು ಸೇರಿಸ್ತೀನಿ, ಏಕೆಂದರೆ ಇದು ಆದಾಗ ತುಂಬ ಕೆಟ್ಟದಾಗಿ ಆಗುತ್ತೆ. ರೂಟ್ ಕೆನಾಲ್‌ಗೆ ಬಳಸುವ ಹೈಪೋಕ್ಲೋರೈಟ್, ಲಿಗ್ನೊಕೇನ್ ಎರಡೂ ಬಣ್ಣವಿಲ್ಲದ ನೀರಿನಂತೆ. ಒಂದೇ ಥರದ 2 ಎಂಎಲ್ ಸಿರಿಂಜ್‌ನಲ್ಲಿ ಎರಡೂ ಟ್ರೇ ಮೇಲಿದ್ದರೆ ಯಾವತ್ತೋ ಒಂದು ದಿನ ಹೈಪೋ ದವಡೆಯೊಳಗೆ ಹೋಗುತ್ತೆ: ಊತ, ರಕ್ತಸ್ರಾವ, ಮಾಂಸ ಕೊಳೆಯೋದು. ಹೈಪೋಗೆ ಯಾವಾಗಲೂ ಸೂಜಿ ತಿರುಗಿಸಿ ಬಿಗಿಯುವ 5 ಎಂಎಲ್ ಲಾಕ್ ಸಿರಿಂಜ್, ಕೆಂಪು ಸ್ಟಿಕ್ಕರ್, ಬದಿಯಲ್ಲಿ ತೂತಿರುವ ಸೂಜಿ, ಅದೂ ಬೇರಿನ ತುದಿಯಿಂದ ಕನಿಷ್ಠ 2 ಮಿಮೀ ಮೊದಲೇ ನಿಲ್ಲುವಂತೆ ರಬ್ಬರ್ ಸ್ಟಾಪ್. ಇಂಜೆಕ್ಷನ್ ಮುಗಿದು ಆ ಸಿರಿಂಜ್ ಟ್ರೇಯಿಂದ ಹೋದ ಮೇಲೆಯೇ ಹೈಪೋ ಬರಬೇಕು. ತಳ್ಳಿ ಕೂರಿಸುವ ಸೂಜಿ ಒತ್ತಿದಾಗ ಹಾರುತ್ತೆ, ಪೇಷೆಂಟ್ ಕಣ್ಣಿಗೆ ಕನ್ನಡಕ ಹಾಕಿರಿ.

ದವಡೆಹಲ್ಲು

ಸರ್ಜನ್ ವಿಷಯಕ್ಕೆ. ಹೊರಗಿಂದ ಬರೋರಿಗೆ ನಾಲ್ಕೇ ನಿಯಮ ಮಾಡಿ, ಒಪ್ಪಂದದ ಕಾಗದದಲ್ಲೇ ಸೇರಿಸಿ. ಅವರ ಬ್ಯಾಗಿನಲ್ಲಿ ಬಂದ ಉಪಕರಣ ನಮ್ಮಲ್ಲೇ ತೊಳೆದು ನಮ್ಮ ಆಟೋಕ್ಲೇವ್‌ನಲ್ಲಿ ಆಗಬೇಕು, ಅದಕ್ಕೆ ಅವು ಎರಡು ಗಂಟೆ ಮೊದಲೇ ತಲುಪಬೇಕು. ಹಲ್ಲಿನ ನಂಬರ್ ಓದುವ ಎರಡು ಸಲದ ಪರಿಶೀಲನೆ. ಸೂಜಿಯ ಕ್ಯಾಪ್ ಎರಡು ಕೈಯಲ್ಲಿ ಹಾಕಬಾರದು, ಟ್ರೇ ಮೇಲಿಟ್ಟ ಕ್ಯಾಪನ್ನು ಒಂದೇ ಕೈಯಲ್ಲಿ ಸೂಜಿಯಿಂದಲೇ ಎತ್ತಿಕೊಳ್ಳಬೇಕು, ಸೂಜಿ-ಬ್ಲೇಡ್‌ಗಳನ್ನು ಬಳಸಿದವರೇ ಬಿಳಿ ಡಬ್ಬಿಗೆ ಹಾಕಬೇಕು. ಕೇಸ್ ನೋಟ್ ಹೊರಡುವ ಮೊದಲು.

ಪಾಲನೆ ನಿಂತಿರೋದು ಅಸಿಸ್ಟೆಂಟ್‌ಗೆ ಎಷ್ಟು ಅಧಿಕಾರ ಕೊಟ್ಟಿದ್ದೀರಿ ಅನ್ನೋದರ ಮೇಲೆ. 'ನಂಬರ್ ಓದದೆ ಫೋರ್ಸೆಪ್ಸ್ ಪೌಚ್ ಒಡೆಯೋ ಹಾಗಿಲ್ಲ ಸರ್' ಅಂತ ಅವರು ಹೇಳಿದಾಗ ನೀವು ಡಾಕ್ಟರ ಪರ ನಿಂತರೆ ಆ ಕಾಗದ ಅವತ್ತೇ ಸತ್ತಂತೆ. ಸರ್ಜನ್ ಎದುರಿಗೇ, ಮೊದಲ ದಿನವೇ ಇದನ್ನು ನೀವೇ ಹೇಳಿಬಿಡಿ.

ತ್ಯಾಜ್ಯದ ಡಬ್ಬಿಗಳನ್ನೂ ಚೇರ್ ಪಕ್ಕದಲ್ಲೇ ಇಡಿ. ರಕ್ತದ ಹತ್ತಿ, ಕಿತ್ತ ಹಲ್ಲು ಹಳದಿಗೆ. ಗ್ಲೌಸ್, ಸಕ್ಷನ್ ಟಿಪ್ ಕೆಂಪಿಗೆ. ಗಾಜಿನ ಸೀಸೆ ನೀಲಿಗೆ. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲು ಹಳದಿಗೆ ಬೇಡ, ಸುಟ್ಟರೆ ಪಾದರಸ ಗಾಳಿಗೆ ಹೋಗುತ್ತೆ. ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಡಿ. ಹಳದಿ ಡಬ್ಬಿಯದ್ದನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಗಾಡಿ ಬರುವ ದಿನ ನೋಡಿಕೊಳ್ಳಿ.

ಹಬೆಯಂತ್ರ

ಬರೆಯುವ ರೀತಿಯ ಬಗ್ಗೆ ಇಷ್ಟೇ. ಒಂದು ಕೆಲಸಕ್ಕೆ ಒಂದು ಪುಟ, ಕನ್ನಡದಲ್ಲಿ, ದಪ್ಪ ಅಕ್ಷರ, ಲ್ಯಾಮಿನೇಟ್ ಮಾಡಿ ಆ ಕೆಲಸ ನಡೆಯುವ ಜಾಗದಲ್ಲೇ ಅಂಟಿಸಿ. ನೀವು ಕೂತು ಬರೆಯಬೇಡಿ. ಅಸಿಸ್ಟೆಂಟ್ ಮಾಡುವಾಗ ಪಕ್ಕ ನಿಂತು ಅವರ ಮಾತಲ್ಲೇ ಬರೆದುಕೊಳ್ಳಿ, ತಪ್ಪಿದ್ದಲ್ಲಿ ಮಾತ್ರ ತಿದ್ದಿ. ಪ್ರತಿ ಪುಟದ ಕೆಳಗೆ 'ಹೀಗಾದರೆ ಏನು ಮಾಡಬೇಕು' ಅಂತ ಎರಡು ಸಾಲು ಕಡ್ಡಾಯ: ಪೌಚ್ ಒದ್ದೆ, ಸೈಕಲ್ ಮಧ್ಯೆ ಕರೆಂಟ್ ಹೋಯ್ತು, ಇಂಡಿಕೇಟರ್ ಬಣ್ಣ ಅರ್ಧ. ಕರೆಂಟ್ ಹೋದ ಸೈಕಲ್ಲನ್ನು ಉಳಿದ ಸಮಯಕ್ಕಷ್ಟೇ ಮುಂದುವರಿಸುವಂತಿಲ್ಲ, ಮೊದಲಿಂದ ಪೂರ್ತಿ. ಸೂಜಿ ಚುಚ್ಚಿದರೆ ಅನ್ನೋ ಪುಟವೂ ಇರಲಿ: ಹಿಂಡಬೇಡಿ, ಸೋಪು ನೀರಲ್ಲಿ ತೊಳೆಯಿರಿ, ಜಿಲ್ಲಾ ಆಸ್ಪತ್ರೆಗೆ ತಕ್ಷಣ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೇದು, 72 ಗಂಟೆ ದಾಟಿದರೆ ಕೊಡೋಲ್ಲ. ಅಸಿಸ್ಟೆಂಟ್‌ಗಳಿಗೆ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ, ಮೂರನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ 10 ದಾಟಿದೆಯಾ ಅಂತ ರಕ್ತ ಪರೀಕ್ಷೆ. ಈ ಖರ್ಚು ಕ್ಲಿನಿಕ್‌ದು, ಅವರ ಸಂಬಳದಿಂದ ಹಿಡಿಯೋದಲ್ಲ.

ಮೊದಲ ತಿಂಗಳು ಎರಡೇ ಪುಟ: ದವಡೆಹಲ್ಲು ಹೇಳಿದ ಎರಡು ಸಲದ ಪರಿಶೀಲನೆ, ಮತ್ತೆ ಸಿಂಕ್‌ನಿಂದ ಕಪಾಟಿನವರೆಗೆ. ಯಾವುದು ಮೊದಲು ಅನ್ನೋ ಜಗಳ ಬಿಟ್ಟೆ, ಎರಡನ್ನೂ ಒಂದೇ ದಿನ ಅಂಟಿಸಿ. ತಿಂಗಳ ಕೊನೆಗೆ ಹತ್ತು ಕೇಸ್ ಶೀಟ್ ಕಣ್ಣುಮುಚ್ಚಿ ಎಳೆದು ನೋಡಿ: ನಂಬರ್ ಎರಡಂಕಿಯಲ್ಲಿದೆಯಾ, ಮಾತ್ರೆಗಳ ಪಟ್ಟಿ ಇದೆಯಾ, ಪೌಚ್‌ನ ಲೋಡ್ ನಂಬರ್ ಬರೆದಿದೆಯಾ. ಯಾವ ಸಾಲು ಪದೇಪದೇ ಖಾಲಿ ಬರುತ್ತೋ ಆ ಸಾಲನ್ನು ಬದಲಾಯಿಸಿ, ಬೈಯೋಕೆ ಹೋಗಬೇಡಿ. ಬಹಳ ಸಲ ಅಲ್ಲಿ ಪೆನ್ ಇಡೋಕೆ ಜಾಗವೇ ಇರೋಲ್ಲ.